ಗಂಟೆ ಹೊಡೆದವರಿಗೆ ಎಡಗೈ ಗವಸು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಶರತ್ಕಾಲದ ಜಾತ್ರೆಗೆ ಮಕ್ಕಳೊಡನೆ ಹೋದವರು ಮೊದಲು ಸೇಂಟ್ ಮಾರ್ಟಿನ್ ಚರ್ಚಿನ ಗೋಪುರ ನೋಡಬೇಕು. ಅಕ್ಟೋಬರ್ 30ರ ಹಿಂದಿನ ಶನಿವಾರ ಮಧ್ಯಾಹ್ನ 12ಕ್ಕೆ ಅಲ್ಲಿ ಗಂಟೆ ಹೊಡೆದರೇ ಜಾತ್ರೆ ಶುರು. ಹೊಡೆದವರಿಗೆ ಸಂಭಾವನೆ ಒಂದು ಜೊತೆ ಕೈಗವಸು. ಅಂದು ಸಿಗುವುದು ಎಡಗೈಯದು ಮಾತ್ರ. ಬಲಗೈಯದು ಜಾತ್ರೆ ಮುಗಿಸುವ ಗಂಟೆ ಹೊಡೆದ ಮೇಲೆ! ವ್ಯಾಪಾರಿಗಳ ಊರಲ್ಲವೇ?

1471ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಬಾಸೆಲಿಗೆ ಎರಡು ಜಾತ್ರೆಗಳ ಹಕ್ಕು ಕೊಟ್ಟ. ವಸಂತದ್ದು 1494ರಲ್ಲೇ ನಿಂತಿತು. ಶರತ್ಕಾಲದ್ದು ಉಳಿಯಿತು. ಆದರೆ ಸರಕಿಗೆಂದು ಹುಟ್ಟಿದ್ದು ಈಗ ಮಕ್ಕಳದ್ದಾಗಿದೆ: ಕ್ಯಾಥೆಡ್ರಲ್ ಮುಂದಿನ ಚೌಕದಲ್ಲಿ ದೈತ್ಯಚಕ್ರ, ಕೈಯಲ್ಲಿ ಹೇಝಲ್ ಕಾಯಿಯ ಹೂರಣದ ಬಣ್ಣಬಣ್ಣದ ಮಿಠಾಯಿ. 2020ರಲ್ಲಿ ಕೋವಿಡ್ ಜಾತ್ರೆಯನ್ನು ತಡೆಯಿತು. ಹಳೆಯ ವ್ಯಾಪಾರದ ಗುರುತು ಬೇಕಿದ್ದರೆ ಪೀಟರ್ಸ್‌ಪ್ಲಾಟ್ಸ್ ಚೌಕಕ್ಕೆ ಹೋಗಿ. ಮಡಕೆ-ಕುಡಿಕೆಗಳ ಸಂತೆ ಇನ್ನೂ ಅಲ್ಲಿದೆ.