ವದಂತಿಯ ನ್ಯಾಯಾಸನ: ಶಿಶುಹತ್ಯೆಯ ಆಪಾದನೆಗೊಳಗಾದ ದಾದಿಯರನ್ನು ಕುರಿತು

ದಕ್ಷಿಣ ಬೆಂಗಳೂರಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಒಂದು ರೋಗದ ಚರಿತ್ರೆಯನ್ನು ಬರೆಯಬೇಕಾಗುತ್ತದೆ. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಈ ಊರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯ ಜನರಿಗೆ ಬಯಲಿನಲ್ಲಿ ನೆಲೆ ಕಲ್ಪಿಸುವ ಸಲುವಾಗಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬಸವನಗುಡಿಯ ಬಡಾವಣೆ ರೂಪುಗೊಂಡಿತು. ಜಯನಗರ, ಬನಶಂಕರಿ, ಜೆ.ಪಿ. ನಗರಗಳು ಬಹುಕಾಲದ ಮೇಲೆ ಅದೇ ದಿಕ್ಕಿನಲ್ಲಿ ಹಬ್ಬಿದವು. ಆ ವರ್ಷಗಳಲ್ಲಿ ರೋಗದ ಜೊತೆಗೆ ಪ್ರಯಾಣ ಮಾಡಿದ ಮತ್ತೊಂದು ವಸ್ತುವೆಂದರೆ ವದಂತಿ. ಪ್ಲೇಗು ಮೊದಲು ಕಾಣಿಸಿಕೊಂಡ ಮುಂಬಯಿಯಲ್ಲಿ, ಆಸ್ಪತ್ರೆಗೆ ಒಯ್ದವರನ್ನು ಅಲ್ಲಿಯೇ ಕೊಲ್ಲುತ್ತಾರೆ, ಅವರ ದೇಹದಿಂದ ತೈಲವನ್ನು ಬಸಿಯುತ್ತಾರೆ ಎಂಬ ಮಾತು ಹಬ್ಬಿ, 1896ರ ಅಕ್ಟೋಬರ್ 29ರಂದು ಗಿರಣಿ ಕೆಲಸಗಾರರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದಿತು.

ಆಗಿನ ಆಂಗ್ಲ ಅಧಿಕಾರಿಗಳು ಇದನ್ನು ಅಜ್ಞಾನವೆಂದು ತಳ್ಳಿಹಾಕಿದರು. ನಾವು ಹಾಗೆ ತಳ್ಳಿಹಾಕಲಾರೆವು. ಆಸ್ಪತ್ರೆಗೆ ಹೋದವರಲ್ಲಿ ಬಹುಮಂದಿ ಮರಳಿ ಬರಲಿಲ್ಲವೆಂಬುದು ನಿಜವೇ ಆಗಿದ್ದಿತು. ಏಕೆಂದರೆ ಸಾಯುವ ಸ್ಥಿತಿಯಲ್ಲಿದ್ದವರನ್ನೇ ಅಲ್ಲಿಗೆ ಒಯ್ಯುತ್ತಿದ್ದರು. ಜನರು ಸಾವುಗಳನ್ನು ಸರಿಯಾಗಿಯೇ ಎಣಿಸಿದ್ದರು. ಅವುಗಳ ಪಕ್ಕದಲ್ಲಿ ಯಾರು ನಿಂತಿದ್ದರೆಂಬುದನ್ನೂ ಸರಿಯಾಗಿ ಕಂಡಿದ್ದರು. ಇವೆರಡನ್ನೂ ಕೂಡಿಸಿದ ರೀತಿಯಲ್ಲಿ ಮಾತ್ರ ತಪ್ಪಿದರು. ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಈ ಕೂಡಿಸುವ ರೀತಿಯನ್ನು.

ಇದು ಓದುಬರಹವಿಲ್ಲದ ಕಾಲದ ದೋಷವೆಂದು ಯಾರಾದರೂ ಭಾವಿಸುವುದಾದರೆ, ಬಸವನಗುಡಿಗೆ ಅನತಿದೂರದ ಚಾಮರಾಜಪೇಟೆಯಲ್ಲಿ 2018ರ ಮೇ 23ರಂದು ನಡೆದುದನ್ನು ನೆನೆಯಬಹುದು. ಮಕ್ಕಳ ಕಳ್ಳನೆಂಬ ಶಂಕೆಯ ಮೇಲೆ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಮಗುವಿಗೆ ಹಾನಿಯಾಯಿತೆಂಬ ಮಾತು ಕಿವಿಗೆ ಬಿದ್ದೊಡನೆ ಮನುಷ್ಯನ ವಿವೇಚನೆ ಹಿಂದೆ ಸರಿಯುತ್ತದೆ; ಸರಿಯದಿದ್ದರೆ ಅವನನ್ನು ಕಠಿಣಹೃದಯನೆನ್ನುತ್ತಾರೆ.

ಐದು ವರ್ಷಗಳ ತರುವಾಯ, 2023ರ ಆಗಸ್ಟ್ ತಿಂಗಳಲ್ಲಿ, ಜಯನಗರದ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಇಂಗ್ಲೆಂಡಿನ ಒಬ್ಬ ದಾದಿಯ ಮಾತು ಹೊರಟಿತು. ಚೆಸ್ಟರ್ ನಗರದ ಕೌಂಟೆಸ್ ಆಫ್ ಚೆಸ್ಟರ್ ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗದಲ್ಲಿ 2015ರ ಜೂನ್‌ನಿಂದ 2016ರ ಜೂನ್‌ವರೆಗೆ ಏಳು ಶಿಶುಗಳನ್ನು ಕೊಂದು, ಬೇರೆ ಆರನ್ನು ಕೊಲ್ಲಲೆತ್ನಿಸಿದಳೆಂದು ಮ್ಯಾಂಚೆಸ್ಟರಿನ ನ್ಯಾಯಾಲಯದಲ್ಲಿ ಲೂಸಿ ಲೆಟ್ಬಿ ಎಂಬಾಕೆಯನ್ನು ಜೂರಿಯು ಅಪರಾಧಿಯೆಂದು ಘೋಷಿಸಿತ್ತು. ವಿಚಾರಣೆ ಹತ್ತು ತಿಂಗಳು ನಡೆದಿತ್ತು. ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಲ್ಪಟ್ಟಿತು. ಸಾಕ್ಷ್ಯ ನುಡಿದ ವೈದ್ಯರಲ್ಲಿ ಒಬ್ಬರು ಭಾರತೀಯ ಮೂಲದವರೆಂಬ ಅಂಶವನ್ನು ನಮ್ಮ ದೇಶದ ಪತ್ರಿಕೆಗಳು ಅಭಿಮಾನದಿಂದ ಎತ್ತಿ ಹೇಳಿದವು. ಅಂದಿನ ಮಾತಿನಲ್ಲಿ ನಾವೂ ಸೇರಿದ್ದೆವು. ಆಕೆಯ ಭಾವಚಿತ್ರವನ್ನು ನೋಡಿ, ಆ ಮುಖದಲ್ಲಿ ಕ್ರೌರ್ಯವು ಕಾಣುತ್ತದೆಂದು ನಮ್ಮಲ್ಲಿ ಒಬ್ಬರು, ಕಾಣುವುದೇ ಇಲ್ಲವೆಂದು ಮತ್ತೊಬ್ಬರು ವಾದಿಸಿದರು. ಶಾಸನದ ಲಿಪಿಯನ್ನು ನೋಡಿ ಕಾಲನಿರ್ಣಯ ಮಾಡುವುದಕ್ಕೆ ಹತ್ತು ಬಾರಿ ಹಿಂಜರಿಯುವ ಜನರು ನಾವು!

ಮುಖದಿಂದ ಅಪರಾಧವನ್ನು ಓದುವ ಈ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1980-81ರಲ್ಲಿ ಹೃದ್ರೋಗದ ಶಿಶುಗಳು ಒಂದರ ಹಿಂದೆ ಒಂದು ಸಾಯಲು, ಡಿಜಾಕ್ಸಿನ್ ಎಂಬ ಔಷಧದ ಅತಿಪ್ರಮಾಣವೇ ಕಾರಣವೆಂದು ಶಂಕೆ ಹುಟ್ಟಿ, ಸೂಸನ್ ನೆಲ್ಲಿಸ್ ಎಂಬ ದಾದಿಯನ್ನು 1981ರ ಮಾರ್ಚ್‌ನಲ್ಲಿ ಬಂಧಿಸಿದರು. ಪೊಲೀಸರು ಮನೆಯ ಬಾಗಿಲಿಗೆ ಬಂದಾಗ ಆಕೆ ವಕೀಲರನ್ನು ಕಾಣಬೇಕೆಂದಳು. ನಿರಪರಾಧಿಗೆ ವಕೀಲರೇಕೆ ಎಂಬ ತರ್ಕದಿಂದ ಅದೇ ಆಕೆಯ ವಿರುದ್ಧ ಶಂಕೆಯನ್ನು ಬಲಪಡಿಸಿತು. ಆರೋಪಕ್ಕೆ ಸೇರಿದ ಸಾವುಗಳಲ್ಲಿ ಒಂದರ ವೇಳೆ ಆಕೆ ಕೆಲಸದ ಮೇಲೆಯೇ ಇರಲಿಲ್ಲ. 1982ರ ಮೇ ತಿಂಗಳಲ್ಲಿ, ಪ್ರಾಥಮಿಕ ವಿಚಾರಣೆಯ ಹಂತದಲ್ಲಿಯೇ ನ್ಯಾಯಾಧೀಶರು ಆಕೆಯನ್ನು ಬಿಡುಗಡೆ ಮಾಡಿದರು. ತರುವಾಯ ನೇಮಕವಾದ ಗ್ರೇಂಜ್ ಆಯೋಗವು ಕೆಲವು ಶಿಶುಗಳು ಕೊಲೆಯಾದವೆಂದು ಅಭಿಪ್ರಾಯಪಟ್ಟಿತು, ಕೊಂದವರಾರೆಂದು ಹೇಳಲಿಲ್ಲ. ಕೊಲೆಯೇ ನಡೆದಿರಲಿಲ್ಲವೇನೋ ಎಂಬ ಸಂಶಯವನ್ನು ಮುಂದೆ ಕೆಲವರು ಎತ್ತಿದರು.

ಹಾಲೆಂಡಿನ ಹೇಗ್ ನಗರದ ಲೂಸಿಯಾ ಡಿ ಬರ್ಕ್ ಪ್ರಕರಣವು ಇದಕ್ಕಿಂತ ಘೋರವಾದುದು. 2001ರ ಸೆಪ್ಟೆಂಬರ್‌ನಲ್ಲಿ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಶಿಶು ತೀರಿಕೊಂಡ ಬಳಿಕ ಆಕೆಯ ಪಾಳಿಗಳ ಪಟ್ಟಿಯನ್ನು ಸಾವುಗಳ ಪಟ್ಟಿಯ ಪಕ್ಕದಲ್ಲಿ ಇರಿಸಿ ನೋಡಿದರು. ಇಂತಹ ಹೊಂದಿಕೆ ಆಕಸ್ಮಿಕವಾಗಿ ಆಗುವ ಸಂಭವ 34 ಕೋಟಿ 20 ಲಕ್ಷದಲ್ಲಿ ಒಂದು ಎಂದು ತಜ್ಞರೊಬ್ಬರು ನ್ಯಾಯಾಲಯಕ್ಕೆ ತಿಳಿಸಿದರು. ಆಕೆಯ ದಿನಚರಿಯಲ್ಲಿ ತನಗೊಂದು ಅನಿವಾರ್ಯ ಸೆಳೆತವಿದೆಯೆಂದು ಬರೆದಿತ್ತು. ಅದು ಇಸ್ಪೀಟಿನಂತಹ ಎಲೆಗಳಿಂದ ಭವಿಷ್ಯ ಹೇಳುವ ಗೀಳೆಂದು ಆಕೆ ಹೇಳಿದರೂ ಕೊಲ್ಲುವ ಗೀಳೆಂದೇ ಅರ್ಥಮಾಡಲಾಯಿತು. 2003ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆದರೆ ಯಾವುದು ‘ಶಂಕಾಸ್ಪದ’ ಸಾವೆಂದು ನಿರ್ಧರಿಸಿದವರಿಗೆ ಆಕೆ ಆಗ ಕೆಲಸದಲ್ಲಿದ್ದಳೆಂಬುದು ಮೊದಲೇ ತಿಳಿದಿತ್ತು. ಹೀಗೆ ತಯಾರಾದ ಪಟ್ಟಿಯಲ್ಲಿ ಆಕೆಯ ಹೆಸರಿರುವುದು ಆಶ್ಚರ್ಯವಲ್ಲ, ಇಲ್ಲದಿದ್ದರೆ ಆಶ್ಚರ್ಯ. ಮೆಟಾ ಡಿ ನೋ ಎಂಬ ವೈದ್ಯೆ, ಆಕೆಯ ಸೋದರನಾದ ದಾರ್ಶನಿಕ ಟಾನ್ ಡರ್ಕ್‌ಸೆನ್, ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಗಿಲ್ ಮೊದಲಾದವರು ವರ್ಷಗಳ ಕಾಲ ಶ್ರಮಿಸಿದ ಮೇಲೆ ಮರುವಿಚಾರಣೆಯಾಗಿ, 2010ರ ಏಪ್ರಿಲ್ 14ರಂದು ಆಕೆ ನಿರ್ದೋಷಿಯೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಸೆರೆಮನೆಯಲ್ಲಿ ಆಕೆಗೆ ಪಾರ್ಶ್ವವಾಯು ಬಡಿದಿತ್ತು.

ಹಾಗೆಂದು ದಾದಿಯರೆಲ್ಲರೂ ಸದಾ ನಿರಪರಾಧಿಗಳೆಂಬ ಮತ್ತೊಂದು ಅತಿರೇಕಕ್ಕೆ ನಾವು ಹೋಗಲಾರೆವು. ಇಂಗ್ಲೆಂಡಿನ ಗ್ರಾಂಥಮ್ ಆಸ್ಪತ್ರೆಯಲ್ಲಿ 1991ರಲ್ಲಿ ಬೆವರ್ಲಿ ಅಲಿಟ್ ಎಂಬ ದಾದಿ ನಾಲ್ಕು ಮಕ್ಕಳನ್ನು ಕೊಂದಳು. 1993ರಲ್ಲಿ ಆಕೆಗೆ ಶಿಕ್ಷೆಯಾಯಿತು. ಅಲ್ಲಿಯೂ ಪಾಳಿಪಟ್ಟಿಯೇ ಮೊದಲು ಬೆರಳು ತೋರಿತು. ಜೊತೆಗೆ ರಕ್ತದಲ್ಲಿ ಅತ್ಯಧಿಕವಾದ ಇನ್ಸುಲಿನ್ ಕಂಡುಬಂದಿತ್ತು. ಹೇಗ್ ನಗರದಲ್ಲಿ ದಾರಿ ತಪ್ಪಿಸಿದ ಆಧಾರವೇ ಗ್ರಾಂಥಮ್‌ನಲ್ಲಿ ದಾರಿ ತೋರಿಸಿತೆಂಬುದು ನಮಗೆ ಬಹಳ ವಿಚಾರಾರ್ಹವಾಗಿ ಕಾಣುತ್ತದೆ.

ಇನ್ನು ಲೆಟ್ಬಿಯ ಪ್ರಕರಣಕ್ಕೆ ಮರಳೋಣ. 25 ಘಟನೆಗಳನ್ನೂ 38 ದಾದಿಯರ ಹೆಸರುಗಳನ್ನೂ ಹೊಂದಿದ ಪಟ್ಟಿಯೊಂದನ್ನು ಜೂರಿಗೆ ತೋರಿಸಲಾಯಿತು. ಎಲ್ಲ ಘಟನೆಗಳ ಎದುರಿಗೂ ಗುರುತು ಇದ್ದುದು ಒಬ್ಬಳ ಹೆಸರಿಗೆ ಮಾತ್ರ. ಇಂತಹ ಪಟ್ಟಿಗಳ ಅಪಾಯವನ್ನು ಕುರಿತು ಬ್ರಿಟನ್ನಿನ ರಾಯಲ್ ಸಂಖ್ಯಾಶಾಸ್ತ್ರ ಸಂಘವು 2022ರ ಸೆಪ್ಟೆಂಬರ್‌ನಲ್ಲಿ, ಎಂದರೆ ವಿಚಾರಣೆ ಆರಂಭವಾಗುವ ಮುನ್ನವೇ, ವರದಿಯೊಂದನ್ನು ಹೊರಡಿಸಿತ್ತು. ತಾನು ದುಷ್ಟಳೆಂದು ಆಕೆ ಬರೆದಿದ್ದ ಚೀಟಿಯನ್ನು ಜನರು ತಪ್ಪೊಪ್ಪಿಗೆಯೆಂದರು. ಅದರಲ್ಲಿಯೇ ತಾನು ತಪ್ಪು ಮಾಡಿಲ್ಲವೆಂದೂ ಬರೆದಿದ್ದಳು. ಆಕೆಯನ್ನು 2016ರ ಜುಲೈನಲ್ಲಿ ವಿಭಾಗದಿಂದ ತೆಗೆದ ಬಳಿಕ ಸಾವುಗಳು ನಿಂತವೆಂಬ ವಾದವು ಜನರ ಮನಸ್ಸನ್ನು ಬಹಳವಾಗಿ ಹಿಡಿಯಿತು. ಆದರೆ ಅದೇ ತಿಂಗಳಿನಿಂದ ಆ ವಿಭಾಗವು ಅತಿ ಅಪಾಯದ ಶಿಶುಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತ್ತು. ಒಂದೇ ಕಾಲದಲ್ಲಿ ಎರಡು ಬದಲಾವಣೆಗಳಾದಾಗ ಪರಿಣಾಮವನ್ನು ಒಂದಕ್ಕೇ ಕಟ್ಟುವುದು ನಮ್ಮ ಶಾಸ್ತ್ರದ ಮೊದಲನೆಯ ವರ್ಷದ ವಿದ್ಯಾರ್ಥಿಗೂ ಸಲ್ಲದು.

2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕರ್ ಪತ್ರಿಕೆಯು ತೀರ್ಪನ್ನು ಪ್ರಶ್ನಿಸುವ ದೀರ್ಘ ಲೇಖನವನ್ನು ಪ್ರಕಟಿಸಿತು. ಒಂದು ಆರೋಪದ ಮರುವಿಚಾರಣೆ ಬಾಕಿಯಿದ್ದುದರಿಂದ ಬ್ರಿಟನ್ನಿನಲ್ಲಿ ಅಂತರ್ಜಾಲದ ಮೂಲಕ ಅದನ್ನು ಓದುವಂತಿರಲಿಲ್ಲ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಕುಳಿತು ನಾವು ಸಲೀಸಾಗಿ ಓದಿದುದನ್ನು ಚೆಸ್ಟರಿನ ನಿವಾಸಿ ಓದಲಾರದೆ ಹೋದನು! ಅದೇ ತಿಂಗಳು ಆಕೆಗೆ ಮೇಲ್ಮನವಿಯ ಅನುಮತಿ ನಿರಾಕರಿಸಲ್ಪಟ್ಟಿತು. ಜುಲೈನಲ್ಲಿ ಮರುವಿಚಾರಣೆಯಾಗಿ ಮತ್ತೊಂದು ಆರೋಪವೂ ಸ್ಥಿರಪಟ್ಟಿತು. 2025ರ ಫೆಬ್ರವರಿ 4ರಂದು ಕೆನಡಾದ ಶಿಶುವೈದ್ಯ ಶೂ ಲೀ ಅವರ ಅಧ್ಯಕ್ಷತೆಯ 14 ತಜ್ಞರ ಮಂಡಲಿಯು, ಬುದ್ಧಿಪೂರ್ವಕವಾದ ಹಾನಿಗೆ ಆಧಾರವಿಲ್ಲವೆಂದು ಸಾರಿತು. ರಕ್ತನಾಳಕ್ಕೆ ಗಾಳಿ ಸೇರುವುದನ್ನು ಕುರಿತ 1989ರ ಇವರದೇ ಪ್ರಬಂಧವನ್ನು ಅಭಿಯೋಗ ಪಕ್ಷವು ಆಧಾರವಾಗಿ ಬಳಸಿತ್ತು.

ಇಲ್ಲಿಂದ ಮುಂದೆ ನಮ್ಮ ಅಧ್ಯಾಪಕರ ಕೊಠಡಿಯ ಮಾತು ಪೂರ್ತಿ ಹೊರಳಿತು. ಮೊದಲು ರಾಕ್ಷಸಿಯಾಗಿದ್ದವಳು ಈಗ ಹರಕೆಯ ಕುರಿಯಾದಳು. ಮೊದಲಿದ್ದ ಖಚಿತತೆಯಲ್ಲಿ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ. ಎರಡು ಸಲವೂ ಚರ್ಚೆ ನಡೆದುದು ಆಕೆ ಎಂತಹ ಹೆಂಗಸೆಂಬುದರ ಮೇಲೆ; ಆ ಶಿಶುಗಳು ಹೇಗೆ ಸತ್ತವೆಂಬುದರ ಮೇಲಲ್ಲ. ನ್ಯಾಯಾಲಯದಲ್ಲಿ ಆ 17 ಶಿಶುಗಳನ್ನು ಎ ಯಿಂದ ಕ್ಯೂ ವರೆಗಿನ ಅಕ್ಷರಗಳಿಂದ ಕರೆದರು. ಕುಟುಂಬಗಳ ಗುರುತು ಹೊರಬೀಳದಿರಲೆಂದು ಮಾಡಿದ ವ್ಯವಸ್ಥೆಯದು. ಆದರೆ ಜನರ ಮಾತಿನಲ್ಲಿ ಆ ಅಕ್ಷರಗಳೂ ಉಳಿಯಲಿಲ್ಲ. ಆಕೆಯ ಹೆಸರನ್ನು ಬಲ್ಲ ನಮ್ಮ ಸಹೋದ್ಯೋಗಿಗಳಲ್ಲಿ ಒಬ್ಬರಿಗಾದರೂ ಆ ಶಿಶುಗಳ ಪೈಕಿ ಅನೇಕವು ದಿನ ತುಂಬುವ ಮೊದಲೇ ಹುಟ್ಟಿದವೆಂಬುದು ತಿಳಿದಿರಲಿಲ್ಲ. ನಮಗೂ ಆಗ ತಿಳಿದಿರಲಿಲ್ಲ.

ಬನಶಂಕರಿಯ ಎರಡನೆಯ ಹಂತದಲ್ಲಿ ನಮ್ಮ ನೆರೆಯವರಾದ ವೃದ್ಧೆಯೊಬ್ಬರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೆರಿಗೆ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದವರು. ಕೈಗೂಡದ ಕೂಸುಗಳನ್ನು ರಾತ್ರಿಯ ಪಾಳಿಯಲ್ಲಿ ತಮ್ಮ ಕೈಗೇ ಕೊಡುತ್ತಿದ್ದರೆಂದೂ, ಬೇಡವೆನ್ನದೆ ಹೆಚ್ಚಿನ ಪಾಳಿಗೆ ನಿಲ್ಲುತ್ತಿದ್ದವರು ತಾವೇ ಎಂದೂ, ಒಮ್ಮೆ ಒಂದೇ ವಾರದಲ್ಲಿ ಮೂರು ಕೂಸುಗಳು ಹೋದಾಗ ಬಾಣಂತಿಯೊಬ್ಬಳ ತಾಯಿ ತಮ್ಮನ್ನು ಕೈಗುಣವಿಲ್ಲದವಳೆಂದು ಅಂದಳೆಂದೂ ಅವರು ಹಿಂದೆ ನಮಗೆ ಹೇಳಿದ್ದುಂಟು. ಲೆಟ್ಬಿಯ ವಿಷಯವನ್ನು ನಾವು ಅವರಿಗೆ ವಿಸ್ತಾರವಾಗಿ ತಿಳಿಸಿ, ಆಕೆ ಕೊಂದಿರಬಹುದೇ ಎಂದು ಕೇಳಿದೆವು. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಆ ಕೂಸುಗಳ ತೂಕ ಎಷ್ಟಿತ್ತು, ರಾತ್ರಿ ಒಬ್ಬ ದಾದಿಗೆ ಎಷ್ಟು ತೊಟ್ಟಿಲುಗಳನ್ನು ಒಪ್ಪಿಸಿದ್ದರು ಎಂದು ತಿರುಗಿ ನಮ್ಮನ್ನೇ ಕೇಳಿದರು.