ಏರಿದ ಅಂಕ, ಇಳಿದ ಅಂಕ

ಪಿಎಚ್.ಡಿ.ಯ ಎರಡನೆಯ ವರ್ಷ. ಓದುವ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬಂದ ಮಕ್ಕಳನ್ನು ಆರಿಸಿಕೊಂಡು ಮೂರು ತಿಂಗಳು ವಿಶೇಷ ತರಗತಿ ನಡೆಸಿದ್ದೆ. ಮರುಪರೀಕ್ಷೆಯಲ್ಲಿ ಹೆಚ್ಚಿನವರ ಅಂಕ ಏರಿತ್ತು. ಹಿಗ್ಗಿನಿಂದ ಪಟ್ಟಿ ಒಪ್ಪಿಸಿದರೆ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ಮೊದಲ ಸಲ ಮುಂದಿದ್ದವರು ಏನಾದರು?" ನೋಡಿದೆ. ಅವರ ಅಂಕ ಇಳಿದಿತ್ತು. ಅವರಿಗೆ ನಾನು ಪಾಠವನ್ನೇ ಮಾಡಿರಲಿಲ್ಲ.

ಈ ಏರಿಳಿತಕ್ಕೆ ಹಳೆಯ ಚರಿತ್ರೆಯಿದೆ. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಎತ್ತರವನ್ನು ಅವರ ಬೆಳೆದ 928 ಮಕ್ಕಳ ಎತ್ತರದೊಡನೆ ಹೋಲಿಸಿದ. ತೀರಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಹೆತ್ತವರಷ್ಟಲ್ಲ. ಕುಳ್ಳರ ಮಕ್ಕಳು ಅಷ್ಟು ಕುಳ್ಳರಲ್ಲ. ಲೆಕ್ಕವನ್ನು ತಿರುಗಿಸಿದರೂ ಹಾಗೆಯೇ: ತೀರಾ ಎತ್ತರದ ಮಕ್ಕಳ ಹೆತ್ತವರೂ ಸರಾಸರಿಗೆ ಹತ್ತಿರ. ಹಾಗಾಗಿ ಇದು ರಕ್ತದ ಗುಣವಷ್ಟೇ ಅಲ್ಲ, ಪೂರ್ತಿ ತಾಳೆಯಾಗದ ಯಾವುದೇ ಎರಡು ಅಳತೆಗಳ ಗುಣ. ಪರೀಕ್ಷೆಯ ಅಂಕದಲ್ಲೂ ಕಲಿಕೆಯ ಜೊತೆ ಅದೃಷ್ಟ ಬೆರೆತಿರುತ್ತದೆ: ಅಂದಿನ ಜ್ವರ, ಓದಿದ್ದೇ ಬಂದ ಪ್ರಶ್ನೆ. ಕೊನೆಯವರನ್ನು ಆರಿಸುವಾಗ ನಾನು ಅಂದು ಅದೃಷ್ಟ ಕೆಟ್ಟವರನ್ನೂ ಆರಿಸಿದ್ದೆ.

1967ರಲ್ಲಿ ಅಮೆರಿಕದ ಫ್ರೆಡರಿಕ್ ಲಾರ್ಡ್ ಒಂದು ಕಾಲ್ಪನಿಕ ಉದಾಹರಣೆ ಕೊಟ್ಟ. ವಿಶ್ವವಿದ್ಯಾಲಯದ ಊಟದ ಪರಿಣಾಮ ತಿಳಿಯಲು ವಿದ್ಯಾರ್ಥಿಗಳನ್ನು ಸೆಪ್ಟೆಂಬರಿನಲ್ಲೂ ಜೂನಿನಲ್ಲೂ ತೂಗುತ್ತಾರೆ. ಹುಡುಗರ ಸರಾಸರಿಯೂ ಹುಡುಗಿಯರ ಸರಾಸರಿಯೂ ಬದಲಾಗಿಲ್ಲ. ಪರಿಣಾಮವಿಲ್ಲ ಎನ್ನುತ್ತಾನೆ ಒಬ್ಬ ಸಂಖ್ಯಾಶಾಸ್ತ್ರಜ್ಞ. ಮೊದಲಿಗೆ ಒಂದೇ ತೂಕವಿದ್ದವರನ್ನು ಹೋಲಿಸಿದ ಇನ್ನೊಬ್ಬ, ಹುಡುಗರೇ ಹೆಚ್ಚು ತೂಕ ಪಡೆದರು ಎನ್ನುತ್ತಾನೆ. ಇಬ್ಬರ ಲೆಕ್ಕವೂ ಸರಿ. ಗುಂಪುಗಳ ನಡುವೆ ಮೊದಲೇ ಇದ್ದ ವ್ಯತ್ಯಾಸವನ್ನು ಸರಿದೂಗಿಸುವ ನಂಬಿಕಸ್ಥ ಸೂತ್ರವಿಲ್ಲವೆಂಬುದು ಲಾರ್ಡ್‌ನ ತೀರ್ಮಾನ. ಮೂರು ವರ್ಷದ ಬಳಿಕ ಕ್ರಾನ್‌ಬಾಕ್ ಮತ್ತು ಫರ್ಬಿ, ಎರಡು ಅಂಕಗಳನ್ನು ಬರಿದೇ ಕಳೆದು ಬದಲಾವಣೆ ಅಳೆಯುವ ರೂಢಿಯನ್ನೇ ಪ್ರಶ್ನಿಸಿದರು.

ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಹಿಂದುಳಿದ ಮಕ್ಕಳಲ್ಲಿ ಚೀಟಿ ಎತ್ತಿ ಅರ್ಧ ಜನರಿಗೆ ಮೊದಲು ಪಾಠ, ಉಳಿದವರಿಗೆ ಆಮೇಲೆ. ಪಾಠ ಕಾಯುತ್ತಿದ್ದವರ ಅಂಕವೂ ಏರಿತು. ನನ್ನದೆಂದು ಹೇಳಿಕೊಳ್ಳಬಹುದಾದದ್ದು ಎರಡು ಗುಂಪುಗಳ ಏರಿಕೆಯ ನಡುವಿನ ಅಂತರವಷ್ಟೇ. ಅದು ಚಿಕ್ಕದು. ಪ್ರಬಂಧದಲ್ಲಿ ಅದನ್ನೇ ಬರೆದಿದ್ದೇನೆ.

ಮರೆಯಲಾಗದ್ದು ಬೇರೆಯೇ ಇದೆ. ಮೊದಲ ವರ್ಷದ ಆ ಮರುಪರೀಕ್ಷೆಯ ದಿನ, ಮೊದಲ ಸ್ಥಾನದಿಂದ ಜಾರಿದ ಹುಡುಗಿಯನ್ನು ಮೇಷ್ಟ್ರು ನಿಲ್ಲಿಸಿ "ಹೊಗಳಿದ್ದು ತಲೆಗೇರಿದೆ" ಎಂದು ಬೈದರು. ಪಕ್ಕದಲ್ಲೇ ಅಂಕಪಟ್ಟಿ ಹಿಡಿದು ಕೂತಿದ್ದ ನಾನು ತಲೆದೂಗಿದ್ದೆ.