ಹಂದರ

ಪಾಲು ಹಾಲಾದಂತೆ ಹಳಗನ್ನಡದ ‘ಪಂದರ’ ನಮ್ಮ ‘ಹಂದರ’ವಾಗಿದೆ. ತಮಿಳಿನ ಪಂದಲ್, ತೆಲುಗಿನ ಪಂದಿರಿ ಇದರ ಒಡಹುಟ್ಟುಗಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮಾತಿನಲ್ಲಿ ಇದೇ ಅರ್ಥದ ‘ಚಪ್ಪರ’ದ್ದೇ ಓಡಾಟ: ಮದುವೆಗೆ ಹಾಕುವುದೂ ಅದನ್ನೇ, ಹೀರೆಬಳ್ಳಿ ಹಬ್ಬಿಸುವುದೂ ಅದರ ಮೇಲೆಯೇ. ಅಲ್ಲಿ ಹಂದರ ಬರವಣಿಗೆಗೆ ಸರಿದು ‘ಎಲುಬಿನ ಹಂದರ’ವಾಯಿತು.

ಪ್ರಯೋಗಾಲಯದ ‘ಸ್ಕ್ಯಾಫೋಲ್ಡ್’ಗೂ ಈ ಪದ ಒಗ್ಗುತ್ತದೆ. ಸ್ತನ, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡುವ ಬಗೆ ಅರಿಯಲು ಅಮೆರಿಕದ ನಾರ್ತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲ್ಪನಾ ಕಟ್ಟಿ ಅವರ ತಂಡ, ಜೇಡಿಮಣ್ಣಿನ ಅತಿಸೂಕ್ಷ್ಮ ಕಣ ಬೆರೆಸಿದ ತೂತುತೂತಾದ ಹಂದರದ ಮೇಲೆ ಕಾಂಡಕೋಶಗಳಿಂದ ಮೂಳೆಯಂಥ ಅಂಗಾಂಶ ಬೆಳೆಸಿ, ಆಮೇಲೆ ಕ್ಯಾನ್ಸರ್ ಕೋಶ ಬಿಡುತ್ತದೆ. ತಟ್ಟೆಯಲ್ಲಿ ಚಪ್ಪಟೆಯಾಗಿ ಹರಡುವ ಕೋಶಗಳು ಇಲ್ಲಿ ಗಂಟುಕಟ್ಟುತ್ತವೆ. ‘ಸ್ಕ್ಯಾಫೋಲ್ಡ್’ಗೆ ಗಾರೆಯವರ ‘ಸಾರುವೆ’ಯೂ ಉಂಟು, ಆದರೆ ಅದರ ಮೇಲೆ ಏನೂ ಬೆಳೆಯುವುದಿಲ್ಲವಲ್ಲ!